ಕ್ವಾಂಟಂ ಗಣಕ ಮತ್ತು ಸಾಮಾನ್ಯ ತಂತ್ರಾಂಶಕಾರ: ಪುಣೆಯ ನಿದರ್ಶನದಿಂದ ಒಂದು ಪರಿಶೀಲನೆ

೧

ಶಾಸ್ತ್ರವನ್ನು ಲೋಕವ್ಯವಹಾರದ ಜನರಿಗೆ ತಲುಪಿಸುವ ಕಾರ್ಯ ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸೂಚಿಸುತ್ತದೆ. ಆಧುನಿಕ ಕಾಲಕ್ಕೆ ಬಂದರೆ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕಾಲ ಬೇರೆ, ವಿಷಯ ಬೇರೆಯಾದರೂ ಇವರೆಲ್ಲರ ಮುಂದಿದ್ದ ಪ್ರಶ್ನೆ ಒಂದೇ: ಬಲ್ಲವರ ವಿದ್ಯೆಯನ್ನು ಬಳಸುವವರಿಗೆ ಕೊಡುವಾಗ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಹುದು, ಯಾವ ಮಾತಿನಲ್ಲಿ ಹೇಳಬೇಕು?

ಇದೇ ಪ್ರಶ್ನೆ ಇಂದು ಕ್ವಾಂಟಂ ಗಣಕದ ವಿಷಯದಲ್ಲಿ ಮತ್ತೆ ಎದುರಾಗಿದೆ. ತಂತ್ರಾಂಶ ರಚನೆಯನ್ನು ವೃತ್ತಿಯಾಗಿ ಕೈಗೊಂಡವನನ್ನು ಇಲ್ಲಿ ತಂತ್ರಾಂಶಕಾರ ಎಂದು ಕರೆಯೋಣ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ ಮೊದಲಾದವುಗಳಿಗೆ ಕ್ರಮವಿಧಿಗಳನ್ನು ಬರೆಯುವವನು ಇವನು. ಇವನು ಭೌತವಿಜ್ಞಾನಿಯಲ್ಲ; ಕ್ವಾಂಟಂ ಬಲವಿಜ್ಞಾನವನ್ನು ಆಳವಾಗಿ ಓದಿದವನೂ ಅಲ್ಲ. ಇಂಥವನಿಗೆ ಈ ಹೊಸ ವಿದ್ಯೆಯನ್ನು ಎಟುಕಿಸುವುದು ಹೇಗೆ ಎಂಬುದನ್ನು ಪುಣೆಯ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಮಸ್ಯೆಯು ಮೇಲ್ನೋಟಕ್ಕೆ ಯಂತ್ರಕ್ಕೆ ಸಂಬಂಧಿಸಿದ್ದಾಗಿ ಕಂಡರೂ ಅದರ ಬಹುಭಾಗ ಭಾಷೆಗೆ ಸೇರಿದ್ದು. ಆದ್ದರಿಂದ ಕನ್ನಡ ವಿಭಾಗದ ಸಂಪುಟವೊಂದರಲ್ಲಿ ಇದರ ಚರ್ಚೆ ಅಪ್ರಸ್ತುತವಾಗಲಾರದು.

೨

ಪುಣೆಯನ್ನು ಆರಿಸಿಕೊಳ್ಳಲು ಕಾರಣವಿದೆ. ೧೯೮೮ರಲ್ಲಿ ಭಾರತ ಸರ್ಕಾರ ಸ್ಥಾಪಿಸಿದ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರಸ್ಥಾನ ಈ ನಗರ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ಈ ಸಂಸ್ಥೆ ೧೯೯೧ರಲ್ಲಿ ‘ಪರಮ್ ೮೦೦೦’ ಎಂಬ ಮಹಾಗಣಕವನ್ನು ನಿರ್ಮಿಸಿತು. ಅದು ಎಲ್ಲರಿಗೂ ತಿಳಿದ ಸಂಗತಿ. ಕನ್ನಡದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಅದೇ ಸಂಸ್ಥೆಯ ಇನ್ನೊಂದು ಕಾರ್ಯ. ಕಾನ್ಪುರದ ಐಐಟಿಯಲ್ಲಿ ರೂಪುಗೊಂಡಿದ್ದ ‘ಜಿಸ್ಟ್’ ತಂತ್ರಜ್ಞಾನವು ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿಯಿತು. ಭಾರತೀಯ ಲಿಪಿಗಳನ್ನು ಗಣಕದ ತೆರೆಯ ಮೇಲೆ ಮೂಡಿಸಿತು. ಭಾರತೀಯ ಭಾಷೆಗಳಿಗೆ ಸಮಾನವಾದ ಸಂಕೇತವ್ಯವಸ್ಥೆ ‘ಇಸ್ಕಿ’ಯು ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು.

ಜಿಸ್ಟ್ ಮತ್ತು ಇಸ್ಕಿ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಕನ್ನಡ ಬೆರಳಚ್ಚು ಯಂತ್ರದಲ್ಲಿ ಬೆರಳಚ್ಚುಗಾರನು ಅಕ್ಷರದ ಆಕಾರವನ್ನು ಅನುಸರಿಸಬೇಕಾಗಿತ್ತು. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವತ್ತು ಕಾಗದದ ಮೇಲೆ ‘ನಾ’ ಅಕ್ಷರದ ಅನಂತರ ಬರುತ್ತದೆ. ಉಚ್ಚಾರಣೆಯಲ್ಲಿ ಅದು ಮೊದಲು. ಇಸ್ಕಿ ಈ ಪದವನ್ನು ಉಚ್ಚಾರಣೆಯ ಕ್ರಮದಲ್ಲಿಯೇ ದಾಖಲಿಸಿತು. ‘ಸ್ತ್ರೀ’ ಎಂದು ಬರೆಯಬೇಕಾದರೆ ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರ ಎಂಬ ಆರು ಒತ್ತುಗಳು ಸಾಕು. ಯಾವ ಒತ್ತಕ್ಷರ ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ವ್ಯವಸ್ಥೆ ಬಳಕೆದಾರನಿಂದ ಬಹಳಷ್ಟನ್ನು ಮರೆಮಾಡಿತು: ಸಂಕೇತಸಂಖ್ಯೆ, ಅಕ್ಷರಚಿತ್ರ, ತೆರೆಯ ಬಿಂದುಗಳು, ಎಲ್ಲವನ್ನೂ. ಆದರೆ ಒಂದನ್ನು ಮಾತ್ರ ಮರೆಮಾಡಲಿಲ್ಲ. ಒತ್ತಕ್ಷರವೆಂದರೆ ಸ್ವರವಿಲ್ಲದ ವ್ಯಂಜನಕ್ಕೆ ಇನ್ನೊಂದು ವ್ಯಂಜನ ಸೇರಿದ್ದು ಎಂಬ ತಿಳಿವಳಿಕೆ ಬಳಕೆದಾರನಿಗೆ ಇರಲೇಬೇಕಾಗಿತ್ತು. ಹಲಂತದ ಒತ್ತುಗುಂಡಿ ಆ ತಿಳಿವಳಿಕೆಯ ಗುರುತು. ಅದನ್ನು ಅರಿಯದವನಿಗೆ ಆ ಕೀಲಿಮಣೆಯಲ್ಲಿ ‘ಅಮ್ಮ’ ಎಂದು ಬರೆಯುವುದೂ ಕಷ್ಟವೇ. ಅರಿತವನಿಗೆ ಇಡೀ ಲಿಪಿ ಕೈವಶ. ಸುಲಭಗೊಳಿಸುವುದೆಂದರೆ ಎಲ್ಲವನ್ನೂ ಮುಚ್ಚುವುದಲ್ಲ, ತಿರುಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮುಚ್ಚುವುದು ಎಂಬ ಪಾಠ ಇದರಿಂದ ದೊರೆಯುತ್ತದೆ. ಕ್ವಾಂಟಂ ಗಣಕದ ಹಲಂತ ಯಾವುದು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

೩

ಕ್ವಾಂಟಂ ಗಣಕದ ಕಲ್ಪನೆಗೆ ನಾಲ್ಕು ದಶಕಗಳ ಇತಿಹಾಸವಿದೆ. ಪ್ರಕೃತಿಯ ಸೂಕ್ಷ್ಮ ವರ್ತನೆಯನ್ನು ಅನುಕರಿಸಲು ಸಾಮಾನ್ಯ ಗಣಕ ಸಾಲದು, ಅದೇ ನಿಯಮಗಳಿಂದ ನಡೆಯುವ ಗಣಕ ಬೇಕು ಎಂಬ ವಿಚಾರವನ್ನು ರಿಚರ್ಡ್ ಫೈನ್‌ಮನ್ ೧೯೮೧ರ ಉಪನ್ಯಾಸವೊಂದರಲ್ಲಿ ಮುಂದಿಟ್ಟರು. ೧೯೮೫ರಲ್ಲಿ ಡೇವಿಡ್ ಡಾಯ್ಚ್ ಅದಕ್ಕೆ ಸೈದ್ಧಾಂತಿಕ ರೂಪ ಕೊಟ್ಟರು. ದೊಡ್ಡ ಸಂಖ್ಯೆಯನ್ನು ಅಪವರ್ತಿಸುವ ವಿಧಾನವನ್ನು ಪೀಟರ್ ಶೋರ್ ೧೯೯೪ರಲ್ಲಿ ಕಂಡುಹಿಡಿದರು. ಕ್ರಮವಿಲ್ಲದ ರಾಶಿಯಲ್ಲಿ ಬೇಕಾದುದನ್ನು ಹುಡುಕುವ ವಿಧಾನವನ್ನು ಭಾರತ ಮೂಲದ ಲವ್ ಗ್ರೋವರ್ ೧೯೯೬ರಲ್ಲಿ ರೂಪಿಸಿದರು.

ಈ ಕಾಲದಲ್ಲೆಲ್ಲ ವಿಷಯ ತಜ್ಞರ ಪ್ರಯೋಗಶಾಲೆಯಲ್ಲಿಯೇ ಉಳಿದಿತ್ತು. ಐಬಿಎಂ ಸಂಸ್ಥೆ ಐದು ಕ್ಯೂಬಿಟ್‌ಗಳ ಯಂತ್ರವೊಂದನ್ನು ೨೦೧೬ರ ಮೇ ತಿಂಗಳಲ್ಲಿ ಅಂತರಜಾಲದ ಮೂಲಕ ಸಾರ್ವಜನಿಕರ ಬಳಕೆಗೆ ತೆರೆದಾಗ ಪರಿಸ್ಥಿತಿ ಬದಲಾಯಿತು. ಮರುವರ್ಷ ಅದೇ ಸಂಸ್ಥೆಯ ‘ಕಿಸ್ಕಿಟ್’ ಬಂದಿತು. ತಂತ್ರಾಂಶಕಾರರಿಗೆ ಪರಿಚಿತವಾದ ಪೈಥಾನ್ ಭಾಷೆಯಲ್ಲಿಯೇ ಕ್ವಾಂಟಂ ಕ್ರಮವಿಧಿ ಬರೆಯುವುದು ಸಾಧ್ಯವಾಯಿತು.

ಭಾರತದಲ್ಲಿ ಇದಕ್ಕೆ ಸಂವಾದಿಯಾದ ಪ್ರಯತ್ನವೆಂದರೆ ‘ಕ್ಯೂಸಿಮ್’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರೂರ್ಕಿಯ ಐಐಟಿ ಮತ್ತು ಸಿ-ಡ್ಯಾಕ್ ಕೂಡಿ ರೂಪಿಸಿದ ಈ ಸಿಮ್ಯುಲೇಟರನ್ನು ೨೦೨೧ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿತು. ಸಿಮ್ಯುಲೇಟರ್ ನಿಜವಾದ ಕ್ವಾಂಟಂ ಗಣಕವಲ್ಲ. ಕ್ವಾಂಟಂ ಗಣಕ ಹೇಗೆ ವರ್ತಿಸುತ್ತದೆ ಎಂಬುದನ್ನು ಸಾಮಾನ್ಯ ಗಣಕದ ಮೇಲೆ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ. ಕ್ರಮವಿಧಿಯನ್ನು ಚಿತ್ರರೂಪದಲ್ಲಿ ಜೋಡಿಸಿದರೆ ಸಂಕೇತರೂಪವೂ ಫಲಿತಾಂಶವೂ ಒಡನೆಯೇ ಕಾಣುವ ಅನುಕೂಲ ಇದರಲ್ಲಿದೆ. ಪುಣೆಯ ಐಸರ್ ಸಂಸ್ಥೆಯಲ್ಲಿಯೂ ಕ್ವಾಂಟಂ ತಂತ್ರಜ್ಞಾನಕ್ಕೆ ಮೀಸಲಾದ ಕೇಂದ್ರವೊಂದು ಸ್ಥಾಪಿತವಾಗಿದೆ. ಹಿಂಜವಡಿ, ಖರಾಡಿಗಳ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಹೋದ ಕನ್ನಡಿಗರೂ ಇದ್ದಾರೆ. ಸಾಧನಗಳು ಅವರ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಅವುಗಳ ಮೇಲೆ ಏನನ್ನು ಬರೆಯಬೇಕು ಎಂಬ ತಿಳಿವಳಿಕೆಯೂ ಹಾಗೆಯೇ ಹತ್ತಿರವಾಗಬೇಕು.

೪

ಕ್ವಾಂಟಂ ಗಣಕವನ್ನು ಜನರಿಗೆ ವಿವರಿಸುವಾಗ ಸಾಮಾನ್ಯವಾಗಿ ಬಳಕೆಯಾಗುವ ಮಾತು ಹೀಗಿದೆ: ಸಾಮಾನ್ಯ ಬಿಟ್ ೦ ಅಥವಾ ೧ ಆಗಿರುತ್ತದೆ; ಕ್ಯೂಬಿಟ್ ಏಕಕಾಲದಲ್ಲಿ ಎರಡೂ ಆಗಿರುತ್ತದೆ; ಆದ್ದರಿಂದ ಗಣಕವು ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸುತ್ತದೆ. ಈ ಮಾತು ಸರಳವಾಗಿದೆ, ಆದರೆ ಸರಿಯಾಗಿಲ್ಲ. ಇದನ್ನು ನಂಬಿ ಹೊರಟ ತಂತ್ರಾಂಶಕಾರನು ಮೊದಲ ಕ್ರಮವಿಧಿಯಲ್ಲಿಯೇ ಎಡವುತ್ತಾನೆ. ಎಲ್ಲ ಉತ್ತರಗಳೂ ಒಳಗಿದ್ದರೂ ಅಳೆದಾಗ ಕೈಗೆ ಬರುವುದು ಒಂದೇ, ಅದೂ ಯಾದೃಚ್ಛಿಕವಾಗಿ. ಹಾಗಿದ್ದರೆ ಪ್ರಯೋಜನವೇನು ಎಂಬ ಅವನ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿಲ್ಲ.

ಉತ್ತರವು ಒಂದು ಚಿಕ್ಕ ಪ್ರಯೋಗದಲ್ಲಿ ದೊರೆಯುತ್ತದೆ. ಯಾವುದೇ ಸಿಮ್ಯುಲೇಟರಿನಲ್ಲಿ ನಾಲ್ಕೈದು ಸಾಲುಗಳಲ್ಲಿ ಇದನ್ನು ಬರೆಯಬಹುದು. ೦ ಸ್ಥಿತಿಯಲ್ಲಿರುವ ಕ್ಯೂಬಿಟ್ ಒಂದರ ಮೇಲೆ ಹಡಮಾರ್ಡ್ ಗೇಟ್ ಎಂಬ ಕ್ರಿಯೆಯನ್ನು ನಡೆಸಿ ಅಳೆದರೆ, ಅರ್ಧದಷ್ಟು ಸಲ ೦, ಅರ್ಧದಷ್ಟು ಸಲ ೧ ಬರುತ್ತದೆ. ಇಷ್ಟಾದರೆ ಇದು ನಾಣ್ಯ ಚಿಮ್ಮಿದಂತೆಯೇ. ಈಗ ಅಳೆಯುವ ಮೊದಲು ಅದೇ ಗೇಟನ್ನು ಇನ್ನೊಂದು ಸಲ ನಡೆಸಬೇಕು. ನಾಣ್ಯವನ್ನು ಎರಡನೆಯ ಸಲ ಚಿಮ್ಮಿದರೆ ಫಲ ಮತ್ತೆ ಅನಿಶ್ಚಿತವೇ. ಕ್ಯೂಬಿಟ್ ಹಾಗಲ್ಲ, ಸಾವಿರ ಸಲ ನಡೆಸಿದರೂ ಸಾವಿರ ಸಲವೂ ೦ ಬರುತ್ತದೆ.

ಕಾರಣವಿಷ್ಟು. ಕ್ಯೂಬಿಟ್‌ನ ಪ್ರತಿಯೊಂದು ಸಾಧ್ಯತೆಗೂ ಒಂದು ತೂಕವಿದೆ. ಆ ತೂಕದ ಪರಿಮಾಣದ ವರ್ಗವೇ ಸಂಭವನೀಯತೆ. ಸಂಭವನೀಯತೆ ಋಣವಾಗದು; ತೂಕ ಋಣವಾಗಬಹುದು. ಎರಡು ಸಲ ಗೇಟ್ ನಡೆದಾಗ ೧ನ್ನು ತಲುಪುವ ದಾರಿಗಳು ಎರಡು: ಒಂದರ ತೂಕ ಧನ ಅರ್ಧ, ಇನ್ನೊಂದರ ತೂಕ ಋಣ ಅರ್ಧ. ಅವು ಪರಸ್ಪರ ಕಳೆದುಹೋಗುತ್ತವೆ. ೦ಯನ್ನು ತಲುಪುವ ಎರಡು ದಾರಿಗಳ ತೂಕವೂ ಧನ ಅರ್ಧ. ಅವು ಕೂಡಿ ಪೂರ್ಣವಾಗುತ್ತವೆ. ಕೆರೆಯ ನೀರಿನಲ್ಲಿ ಎರಡು ಅಲೆಗಳು ಸೇರುವಲ್ಲಿ ಕೆಲವೆಡೆ ಏರು, ಕೆಲವೆಡೆ ನಿಶ್ಚಲತೆ ಕಾಣುವಂತೆಯೇ ಇದು. ಭೌತವಿಜ್ಞಾನದ ಪಠ್ಯಗಳು ಇದನ್ನು ವ್ಯತಿಕರಣ ಎನ್ನುತ್ತವೆ.

ಕ್ವಾಂಟಂ ಕ್ರಮವಿಧಿಯ ತಿರುಳು ಈ ವ್ಯತಿಕರಣ. ತಪ್ಪು ಉತ್ತರಗಳ ದಾರಿಗಳು ಕಳೆದುಹೋಗುವಂತೆಯೂ ಸರಿಯುತ್ತರದ ದಾರಿಗಳು ಕೂಡಿಕೊಳ್ಳುವಂತೆಯೂ ಕ್ರಿಯೆಗಳನ್ನು ಹೊಂದಿಸುವುದೇ ಅಲ್ಲಿಯ ಕೌಶಲ. ಗ್ರೋವರ್ ವಿಧಾನವೂ ಇದನ್ನೇ ಮಾಡುತ್ತದೆ. ಹತ್ತು ಲಕ್ಷ ದಾಖಲೆಗಳಲ್ಲಿ ಒಂದನ್ನು ಹುಡುಕಲು ಸಾಮಾನ್ಯ ಗಣಕಕ್ಕೆ ಸರಾಸರಿ ಐದು ಲಕ್ಷ ಪರೀಕ್ಷೆಗಳು ಬೇಕಾದರೆ, ಈ ವಿಧಾನಕ್ಕೆ ಸುಮಾರು ೭೮೫ ಹೆಜ್ಜೆಗಳು ಸಾಕು. ಲಾಭ ದೊಡ್ಡದು, ಆದರೂ ಅದು ಒಂದೇ ಹೆಜ್ಜೆಯಲ್ಲ ಎಂಬುದು ಗಮನಾರ್ಹ. ‘ಎಲ್ಲವನ್ನೂ ಒಮ್ಮೆಗೇ’ ಎಂಬ ಮಾತು ನಿಜವಾಗಿದ್ದರೆ ೭೮೫ರ ಅಗತ್ಯವೇ ಇರುತ್ತಿರಲಿಲ್ಲ.

೫

ವ್ಯತಿಕರಣವನ್ನು ಅರಿತ ಮೇಲೆ ತಂತ್ರಾಂಶಕಾರನು ತನ್ನ ಮೂರು ಹಳೆಯ ಅಭ್ಯಾಸಗಳನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಮೂರಕ್ಕೂ ಸಂಬಂಧಿಸಿದ ಮಾತುಗಳು ದಿನಬಳಕೆಯವಾದ್ದರಿಂದ ಅರ್ಥಭ್ರಮೆಗೆ ಅವಕಾಶವಿದೆ.

ಮೊದಲನೆಯದು ‘ಅಳತೆ’. ಬಟ್ಟೆಯನ್ನು ಅಳೆದರೆ ಬಟ್ಟೆ ಬದಲಾಗುವುದಿಲ್ಲ, ಭತ್ತವನ್ನು ಅಳೆದರೆ ಭತ್ತ ಬದಲಾಗುವುದಿಲ್ಲ. ಕನ್ನಡದ ಈ ಪದದಲ್ಲಿ ಅಳೆಯುವ ವಸ್ತು ಹಾಗೆಯೇ ಉಳಿಯುತ್ತದೆಂಬ ಭಾವ ಅಡಗಿದೆ. ಕ್ಯೂಬಿಟ್ ಅಳೆದೊಡನೆ ತನ್ನ ತೂಕಗಳನ್ನು ಕಳೆದುಕೊಂಡು ೦ ಅಥವಾ ೧ ಆಗಿ ನಿಲ್ಲುತ್ತದೆ. ಕ್ರಮವಿಧಿಯಲ್ಲಿ ದೋಷ ಕಂಡಾಗ ನಡುವೆ ಒಂದು ಸಾಲು ಸೇರಿಸಿ ಚರದ ಬೆಲೆಯನ್ನು ಮುದ್ರಿಸಿ ನೋಡುವುದು ತಂತ್ರಾಂಶಕಾರರ ರೂಢಿ. ಮೇಲಿನ ಪ್ರಯೋಗದಲ್ಲಿ ಎರಡು ಗೇಟುಗಳ ನಡುವೆ ಅಳೆದರೆ ಕಳೆಯುವುದೂ ಕೂಡುವುದೂ ನಿಂತುಹೋಗಿ ಫಲ ಮತ್ತೆ ಅರ್ಧ ಅರ್ಧ ಆಗುತ್ತದೆ. ದೋಷವನ್ನು ಹುಡುಕುವ ಕ್ರಿಯೆಯೇ ದೋಷಕ್ಕೆ ಕಾರಣವಾಗುತ್ತದೆ.

ಎರಡನೆಯದು ‘ನಕಲು’. ಒಂದು ಚರದ ಬೆಲೆಯನ್ನು ಇನ್ನೊಂದಕ್ಕೆ ನಕಲು ಮಾಡುವುದು ಸಾಮಾನ್ಯ ಕ್ರಮವಿಧಿಯ ಮೊದಲ ಪಾಠ. ಅಪರಿಚಿತ ಕ್ವಾಂಟಂ ಸ್ಥಿತಿಯೊಂದನ್ನು ಯಥಾವತ್ತಾಗಿ ನಕಲು ಮಾಡುವುದು ಅಸಾಧ್ಯವೆಂದು ೧೯೮೨ರಲ್ಲಿ ಸಿದ್ಧವಾಗಿದೆ. ಮೂರನೆಯದು ‘ಅಳಿಸುವಿಕೆ’. ಕ್ವಾಂಟಂ ಗೇಟುಗಳೆಲ್ಲ ಹಿಮ್ಮುಖವಾಗಿ ನಡೆಯಬಲ್ಲವು. ಆದ್ದರಿಂದ ಹಳೆಯ ಬೆಲೆಯ ಮೇಲೆ ಹೊಸ ಬೆಲೆಯನ್ನು ಬರೆದು ಹಳೆಯದನ್ನು ಮರೆತುಬಿಡುವಂತಿಲ್ಲ. ಎರಡು ಬಿಟ್‌ಗಳಿಂದ ಒಂದು ಉತ್ತರವನ್ನು ತೆಗೆಯುವ ಸಾಧಾರಣ ತರ್ಕಕ್ರಿಯೆಗೂ ಇಲ್ಲಿ ಮೂರನೆಯ ಕ್ಯೂಬಿಟ್ ಒಂದನ್ನು ಒದಗಿಸಬೇಕಾಗುತ್ತದೆ.

ಇವುಗಳನ್ನು ಕಲಿಯಲು ಪ್ರೌಢ ಭೌತವಿಜ್ಞಾನ ಬೇಡ. ಕೂಡುವುದು, ಕಳೆಯುವುದು, ಋಣಸಂಖ್ಯೆ, ವರ್ಗಮೂಲ, ಮುಂದೆ ಮಾತೃಕೆಗಳ ಗುಣಾಕಾರ ಮತ್ತು ಸಂಕೀರ್ಣ ಸಂಖ್ಯೆಗಳ ಪರಿಚಯ, ಇಷ್ಟು ಸಾಕು. ಯಂತ್ರವನ್ನು ಎಷ್ಟು ತಂಪಿನಲ್ಲಿ ಇಡುತ್ತಾರೆ, ಯಾವ ಲೋಹದಿಂದ ಮಾಡುತ್ತಾರೆ ಎಂಬುದನ್ನು ಅವನಿಂದ ಧಾರಾಳವಾಗಿ ಮರೆಮಾಡಬಹುದು. ಋಣ ತೂಕವನ್ನು ಮರೆಮಾಡುವಂತಿಲ್ಲ. ಕ್ವಾಂಟಂ ಗಣಕದ ಹಲಂತ ಅದೇ.

೬

ಈ ದೃಷ್ಟಿಯಿಂದ ಸಿಮ್ಯುಲೇಟರಿನ ಮಹತ್ವವನ್ನು ತೂಗಿ ನೋಡಬಹುದು. ನಿಜವಾದ ಕ್ವಾಂಟಂ ಯಂತ್ರದಲ್ಲಿ ತೂಕಗಳನ್ನು ನೇರವಾಗಿ ನೋಡಲು ಬರುವುದಿಲ್ಲ. ಸಿಮ್ಯುಲೇಟರಿನಲ್ಲಿ ಅವು ಗಣಕದ ಸ್ಮೃತಿಯಲ್ಲಿರುವ ಸಂಖ್ಯೆಗಳಾದ್ದರಿಂದ ಪ್ರತಿ ಹೆಜ್ಜೆಯಲ್ಲಿಯೂ ತೆರೆದು ನೋಡಬಹುದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಇದಕ್ಕೆ ಮಿತಿಯೂ ಇದೆ. ಒಂದೊಂದು ಕ್ಯೂಬಿಟ್ ಸೇರಿದಂತೆ ತೂಕಗಳ ಸಂಖ್ಯೆ ಇಮ್ಮಡಿಸುತ್ತದೆ. ೩೦ ಕ್ಯೂಬಿಟ್‌ಗಳಿಗೆ ಸುಮಾರು ೧೦೭ ಕೋಟಿ ತೂಕಗಳು. ಒಂದಕ್ಕೆ ೧೬ ಬೈಟುಗಳಂತೆ ೧೬ ಗಿಗಾಬೈಟ್ ಸ್ಮೃತಿ ಬೇಕು. ಒಳ್ಳೆಯ ಮೇಜುಗಣಕವೊಂದಕ್ಕೆ ಇದು ಸಾಧ್ಯ. ೫೦ ಕ್ಯೂಬಿಟ್‌ಗಳಾದರೆ ಒಂದೂವರೆ ಕೋಟಿಗೂ ಮಿಕ್ಕ ಗಿಗಾಬೈಟ್ ಬೇಕಾಗುತ್ತದೆ. ಫೈನ್‌ಮನ್ ಹೇಳಿದ ಮಾತಿನ ಅರ್ಥ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಕ್ಯೂಸಿಮ್‌ನ ಇನ್ನೊಂದು ಗುಣ ಉಲ್ಲೇಖಾರ್ಹ. ಅದು ದೋಷರಹಿತ ಯಂತ್ರವನ್ನು ಮಾತ್ರವಲ್ಲದೆ ದೋಷಯುಕ್ತ ಯಂತ್ರವನ್ನೂ ಅನುಕರಿಸಬಲ್ಲುದು. ಇಂದಿನ ಕ್ಯೂಬಿಟ್‌ಗಳು ಸುತ್ತಲಿನ ಶಾಖ, ಕಂಪನ, ವಿದ್ಯುತ್ ಕ್ಷೋಭೆಗಳಿಂದ ಬೇಗ ಕೆಡುತ್ತವೆ. ಹಡಮಾರ್ಡ್ ಗೇಟನ್ನು ಎರಡು ಸಲ ನಡೆಸುವ ಪ್ರಯೋಗವನ್ನು ನಿಜಯಂತ್ರದಲ್ಲಿ ಮಾಡಿದರೆ ಸಾವಿರದಲ್ಲಿ ಕೆಲವು ಸಲ ೧ ಬಂದೇಬರುತ್ತದೆ. ಇಂಥ ದೋಷವನ್ನು ಪೂರ್ಣವಾಗಿ ಲೆಕ್ಕಕ್ಕೆ ತರಲು ತೂಕಗಳ ಪಟ್ಟಿಗೆ ಬದಲು ಒಂದು ಮಾತೃಕೆಯನ್ನೇ ಇಟ್ಟುಕೊಳ್ಳಬೇಕು; ಆಗ ೩೦ ಕ್ಯೂಬಿಟ್‌ಗಳಿಗೆ ಸಾಲುತ್ತಿದ್ದ ಸ್ಮೃತಿ ೧೫ಕ್ಕೆ ಮಾತ್ರ ಸಾಲುತ್ತದೆ. ಹೀಗೆ ಅರ್ಧ ಸಾಮರ್ಥ್ಯವನ್ನು ಬಿಟ್ಟುಕೊಟ್ಟು ಯಂತ್ರದ ದೌರ್ಬಲ್ಯವನ್ನು ತೋರಿಸುವುದು ಶಿಕ್ಷಣದ ದೃಷ್ಟಿಯಿಂದ ನಷ್ಟವಲ್ಲ. ದೋಷವನ್ನು ಕಾಣದೆ ಕಲಿತವನು ನಿಜಯಂತ್ರದ ಮುಂದೆ ನಿಂತಾಗ ತನ್ನ ಕ್ರಮವಿಧಿ ತಪ್ಪೋ ಯಂತ್ರ ತಪ್ಪೋ ಎಂದು ತಿಳಿಯದೆ ಕಂಗೆಡುತ್ತಾನೆ.

೭

ಇಷ್ಟೆಲ್ಲ ಸಾಮಾನ್ಯ ತಂತ್ರಾಂಶಕಾರನಿಗೆ ಏಕೆ ಬೇಕು, ತಜ್ಞರಿಗೆ ಬಿಟ್ಟರಾಗದೇ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಎರಡು ಸಮಾಧಾನಗಳಿವೆ.

ಮೊದಲನೆಯದು ರಕ್ಷಣೆಗೆ ಸಂಬಂಧಿಸಿದ್ದು. ಬ್ಯಾಂಕು ಹಾಗೂ ಸರ್ಕಾರಿ ಕಚೇರಿಗಳ ಗೂಢಲಿಪಿ ವ್ಯವಸ್ಥೆಗಳಲ್ಲಿ ಹಲವು, ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು ಕಷ್ಟವೆಂಬ ನಂಬಿಕೆಯ ಮೇಲೆ ನಿಂತಿವೆ. ಸಾಕಷ್ಟು ದೊಡ್ಡ ಕ್ವಾಂಟಂ ಗಣಕ ಬಂದ ದಿನ ಶೋರ್ ವಿಧಾನ ಆ ನಂಬಿಕೆಯನ್ನು ಮುರಿಯುತ್ತದೆ. ಅಂಥ ಗಣಕ ಇನ್ನೂ ಬಂದಿಲ್ಲ. ಆದರೆ ಇಂದು ಕದ್ದಿಟ್ಟ ಗೂಢಪತ್ರವನ್ನು ಅಂದು ಬಿಡಿಸಬಹುದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ೨೦೨೪ರ ಆಗಸ್ಟ್ ತಿಂಗಳಲ್ಲಿ ಕ್ವಾಂಟಂ ದಾಳಿಗೆ ನಿಲ್ಲುವ ಮೂರು ಹೊಸ ಮಾನಕಗಳನ್ನು ಪ್ರಕಟಿಸಿದೆ. ಹಳೆಯದನ್ನು ತೆಗೆದು ಹೊಸದನ್ನು ಅಳವಡಿಸುವ ಕೆಲಸ ಬೀಳುವುದು ಸಾಮಾನ್ಯ ತಂತ್ರಾಂಶಕಾರನ ಮೇಲೆಯೇ. ಎಲ್ಲ ಗೂಢಲಿಪಿಯೂ ಮುರಿದುಬೀಳುತ್ತದೆಂಬ ಭೀತಿಯೂ ಸಲ್ಲದು. ಎರಡು ಕಡೆಯವರೂ ಒಂದೇ ಕೀಲಿಯನ್ನು ಬಳಸುವ ವಿಧಾನಗಳಿಗೆ ಎದುರಾಗುವುದು ಗ್ರೋವರ್ ವಿಧಾನ ಮಾತ್ರ. ಅದಕ್ಕೆ ಕೀಲಿಯನ್ನು ಉದ್ದವಾಗಿಸುವುದು ಪರಿಹಾರ. ಯಾವುದು ಮುರಿಯುತ್ತದೆ, ಯಾವುದು ಉಳಿಯುತ್ತದೆ ಎಂಬ ವಿವೇಕಕ್ಕೆ ಮೇಲಿನ ತಿಳಿವಳಿಕೆಯೇ ಆಧಾರ.

ಎರಡನೆಯದು ಸ್ವಾವಲಂಬನೆಗೆ ಸಂಬಂಧಿಸಿದ್ದು. ಕೇಂದ್ರ ಸಚಿವ ಸಂಪುಟ ೨೦೨೩ರ ಏಪ್ರಿಲ್‌ನಲ್ಲಿ ೬೦೦೩.೬೫ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷಗಳಲ್ಲಿ ೫೦ರಿಂದ ೧೦೦೦ ಭೌತಿಕ ಕ್ಯೂಬಿಟ್‌ಗಳ ಗಣಕಗಳನ್ನು ನಿರ್ಮಿಸುವುದು ಅದರ ಗುರಿಗಳಲ್ಲೊಂದು. ಬೆಂಗಳೂರಿನ ಸಂಸ್ಥೆಯೊಂದು ೨೦೨೫ರಲ್ಲಿ ೨೫ ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಿಸಿದೆ. ಯಂತ್ರ ಬಂದಾಗ ಅದಕ್ಕೆ ಯೋಗ್ಯವಾದ ಸಮಸ್ಯೆಗಳನ್ನು ಗುರುತಿಸುವವರು ಬೇಕು. ಕೃಷಿ, ಸಾರಿಗೆ, ಔಷಧಗಳ ಸಮಸ್ಯೆಗಳನ್ನು ಹತ್ತಿರದಿಂದ ಬಲ್ಲವರು ಹಲವೊಮ್ಮೆ ಸಾಮಾನ್ಯ ತಂತ್ರಾಂಶಕಾರರೇ. ಅವರು ಬೇರೆಯವರು ಬರೆದಿಟ್ಟ ಕ್ರಮವಿಧಿಯ ಗುಂಡಿಯನ್ನು ಒತ್ತುವವರಾಗಿಯೇ ಉಳಿದರೆ ಈ ವೆಚ್ಚದ ಫಲ ಪೂರ್ತಿಯಾಗಿ ದೊರೆಯದು.

ಇಲ್ಲಿ ಕನ್ನಡದ ಪಾತ್ರವೂ ಇದೆ. ಪರಿಭಾಷೆಯ ವಿಷಯದಲ್ಲಿ ಅತಿರೇಕಗಳೆರಡನ್ನೂ ಬಿಡುವುದು ಒಳ್ಳೆಯದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅನ್ಯಭಾಷಾ ಪದಗಳು ಕನ್ನಡವಾಗುವ ಬಗೆಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು. ಎರವಲು ಪದ ಕನ್ನಡಕ್ಕೆ ಅವಮಾನವಲ್ಲ. ಕ್ಯೂಬಿಟ್, ಗೇಟ್ ಮೊದಲಾದ ವಸ್ತುವಾಚಕಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಕೂಡುವುದು, ಕಳೆಯುವುದು, ಅಳೆಯುವುದು, ಹೆಣೆದುಕೊಳ್ಳುವುದು ಮೊದಲಾದ ಕ್ರಿಯೆಗಳನ್ನು ಕನ್ನಡದಲ್ಲಿಯೇ ಹೇಳಬೇಕು. ಏಕೆಂದರೆ ತಿಳಿವಳಿಕೆ ಹುಟ್ಟುವುದು ಕ್ರಿಯೆಯ ವಿವರಣೆಯಲ್ಲಿ. ಅಳತೆಯಂಥ ಪದವನ್ನು ಬಳಸುವಾಗ ಅದರ ಹಳೆಯ ಅರ್ಥ ಎಲ್ಲಿ ನಿಲ್ಲುತ್ತದೆ, ಹೊಸ ಅರ್ಥ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಸ್ಪಷ್ಟಪಡಿಸುವ ಹೊಣೆ ಬರೆಯುವವನದು. ಭೌತವಿಜ್ಞಾನ, ಗಣಕವಿಜ್ಞಾನ ಮತ್ತು ಕನ್ನಡ ವಿಭಾಗಗಳು ಕೂಡಿ ಇಂಥ ಪಾಠಗಳನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳಿಗೆ ಸಾಧ್ಯವಾದ ಕೆಲಸ.

೮

ಒಟ್ಟಿನಲ್ಲಿ, ಕ್ವಾಂಟಂ ಗಣಕವನ್ನು ಸಾಮಾನ್ಯ ತಂತ್ರಾಂಶಕಾರನಿಗೆ ಎಟುಕಿಸುವ ಕಾರ್ಯದಲ್ಲಿ ಸಾಧನಗಳ ಕೊರತೆಗಿಂತ ಸರಿಯಾದ ವಿವರಣೆಯ ಕೊರತೆ ಹೆಚ್ಚಿನದು. ಆಕರ್ಷಕವಾದ ತಪ್ಪು ಹೋಲಿಕೆ ಮೊದಲ ದಿನ ಉತ್ಸಾಹವನ್ನು ಕೊಟ್ಟು ಎರಡನೆಯ ದಿನ ದಾರಿ ತಪ್ಪಿಸುತ್ತದೆ. ಮೂರು ದಶಕಗಳ ಹಿಂದೆ ಪುಣೆಯಿಂದ ಬಂದ ಕೀಲಿಮಣೆ ಹಲಂತವೊಂದನ್ನು ಕಲಿಯಲು ಹೇಳಿತು. ಕಲಿತವರು ಇಡೀ ಕನ್ನಡವನ್ನು ಗಣಕದಲ್ಲಿ ಬರೆದರು. ಇಂದು ಅದೇ ಸಂಸ್ಥೆ ಪಾಲ್ಗೊಂಡ ಸಿಮ್ಯುಲೇಟರಿನಲ್ಲಿ ಒಂದು ಗೇಟನ್ನು ಎರಡು ಸಲ ನಡೆಸಿ, ೧ ಏಕೆ ಬರಲಿಲ್ಲ ಎಂದು ತಾನೇ ಲೆಕ್ಕ ಹಾಕಿ ನೋಡಿದ ತಂತ್ರಾಂಶಕಾರನು ಈ ವಿದ್ಯೆಯ ಹೊಸ್ತಿಲನ್ನು ದಾಟಿದನೆಂದೇ ತಿಳಿಯಬಹುದು. ಮುಂದಿನದು ಅಭ್ಯಾಸದ ಮಾತು.